ಅಕ್ಕೋರೇ, ಮಗ ಏಡಿ ಬಿಲದ ಮುಂದೆ ಕೂತರೆ ಏಳೋದೇ ಇಲ್ಲ! (ಪ್ರಶ್ನೋತ್ತರ)

ಅಡ್ಮಿನ್: ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡೋಕೆ ಕುಮಟಾ ಕಡೆಯ ಅಕ್ಕೋರೊಬ್ಬರು ಒಪ್ಪಿದ್ದಾರೆ. ಬಾಲವಾಡಿಯಲ್ಲಿ ಬಹಳ ವರ್ಷ ಕಲಿಸಿದವರು. ವಿಷಯ ಇಷ್ಟು: ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಗಿಡ, ಹುಳ, ಹಕ್ಕಿ, ಕಡಲು ಇವನ್ನೆಲ್ಲ ಆಟದಲ್ಲಿ ಮತ್ತು ಪುಸ್ತಕದಲ್ಲಿ ಪರಿಚಯ ಮಾಡಿಸೋದು ಹೇಗೆ. ಹೆಸರು ಬೇಡ, ಊರು ಹಾಕಿ ಸಾಕು. ಜ್ವರ, ಔಷಧದ ಪ್ರಶ್ನೆ ಡಾಕ್ಟರ್ ಬರುವ ವಾರಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ (ಕಾರವಾರ): ಅಕ್ಕೋರೇ ನಮಸ್ಕಾರ. ಮಗನಿಗೆ ಎರಡು ವರ್ಷ ಆಯ್ತು. ಸಂಜೆ ಟಾಗೋರ್ ಬೀಚಿಗೆ ಕರೆದುಕೊಂಡು ಹೋಗುತ್ತೇವೆ. ಸೂರ್ಯ ಮುಳುಗೋದು, ದೋಣಿ, ದೂರದ ದ್ವೀಪ, ಏನು ತೋರಿಸಿದರೂ ನೋಡೋದಿಲ್ಲ. ಮರಳಲ್ಲಿ ಏಡಿ ಬಿಲ ಕಂಡರೆ ಮುಗೀತು, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಎಬ್ಬಿಸಿದರೆ ರಂಪ. ನಮ್ಮ ಅತ್ತಿಗೆ ಮಗಳು ಫ್ಲ್ಯಾಶ್ ಕಾರ್ಡ್ ನೋಡಿ ಎಷ್ಟೊಂದು ಪ್ರಾಣಿಗಳ ಹೆಸರು ಹೇಳುತ್ತಾಳೆ. ಇವನಿಗೆ ಏನು ಕಲಿಸಲಿ, ಎಲ್ಲಿಂದ ಶುರು ಮಾಡಲಿ?

ಅಕ್ಕೋರು: ತಂಗಿ, ಅವನು ಶುರು ಮಾಡಿ ಆಗಿದೆ. ನೀವು ಎಬ್ಬಿಸಬೇಡಿ ಅಷ್ಟೇ.

ಸೂರ್ಯ ಮುಳುಗೋದು ನಮಗೆ ಚಂದ. ಎರಡು ವರ್ಷದವನಿಗೆ ಅದರಲ್ಲಿ ಮಾಡೋಕೆ ಏನಿದೆ? ಮುಟ್ಟೋಕಾಗಲ್ಲ, ಓಡಿಸೋಕಾಗಲ್ಲ, ಬಹಳ ದೂರ ಬೇರೆ. ಬಿಲದ ಹತ್ತಿರ ಹಾಗಲ್ಲ. ಈಗ ಏನೋ ಇಣುಕಿತು, ಈಗ ಮಾಯ, ಮತ್ತೆ ಬರುತ್ತಾ ಅಂತ ಕಾಯೋದು. ಇಷ್ಟು ಚಿಕ್ಕ ಮಗು ಒಂದೇ ಕಡೆ ಗಮನ ಇಟ್ಟು ಕೂತಿದ್ದಾನೆ ಅಂದರೆ ಅದಕ್ಕಿಂತ ಒಳ್ಳೆ ಪಾಠ ನಾನು ಕ್ಲಾಸಿನಲ್ಲಿ ಕೊಡೋಕಾಗಲ್ಲ.

ಇಳಿತದ ಹೊತ್ತು ನೋಡಿಕೊಂಡು ಹೋಗಿ. ಇಳಿತ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ವಾರ ಸಂಜೆ ಸಿಕ್ಕ ಒದ್ದೆ ಮರಳು ಮುಂದಿನ ವಾರ ಅದೇ ಹೊತ್ತಿಗೆ ಸಿಗೋದಿಲ್ಲ. ಬಲೆಯವರನ್ನು ಕೇಳಿ, ಬಾಯಲ್ಲೇ ಹೇಳುತ್ತಾರೆ. ನೀರು ಇಳಿದ ಕಡೆ ಕಾಳುಮೆಣಸಿನ ಗಾತ್ರದ ಮರಳಿನ ಉಂಡೆಗಳು ಕಾಣುತ್ತವೆ ನೋಡಿ, ಸಣ್ಣ ತೂತಿನ ಸುತ್ತ ಗೆರೆ ಎಳೆದ ಹಾಗೆ ಸಾಲು ಸಾಲು. ಅದು ಬೆರಳುಗುರಿನಷ್ಟು ದೊಡ್ಡ ಏಡಿಯ ಊಟದ ಗುರುತು. ಮರಳಿಗೆ ಅಂಟಿದ ತಿನ್ನೋ ಪದಾರ್ಥ ಹೆಕ್ಕಿಕೊಂಡು, ಉಳಿದ ಮರಳನ್ನು ಉಂಡೆ ಕಟ್ಟಿ ಆಚೆ ತಳ್ಳುತ್ತದೆ. ಭರತಿ ಬಂದರೆ ಎಲ್ಲ ಅಳಿಸಿಹೋಯ್ತು. ಮತ್ತೆ ಇಳಿತಕ್ಕೆ ಹೊಸದಾಗಿ ಶುರು. ಸ್ವಲ್ಪ ಮೇಲೆ, ಒಣ ಮರಳಿನ ಕಡೆ, ದೊಡ್ಡ ಬಿಲ ಇದ್ದರೆ ಅದು ಬೇರೆ ಜಾತಿ, ಬಿಳಿಚು ಬಣ್ಣ, ಕಣ್ಣುಗಳು ಕಡ್ಡಿ ತುದಿಯಲ್ಲಿ. ಕತ್ತಲಾಗುವ ಹೊತ್ತಿಗೆ ಹೊರಗೆ ಬರುತ್ತದೆ, ತೋಡಿದ ಮರಳನ್ನು ಕಾಲಲ್ಲಿ ತಬ್ಬಿ ತಂದು ಎಸೆಯುತ್ತದೆ. ಇದನ್ನು ನೋಡಬೇಕು ಅಂದರೆ ಬಿಲದಿಂದ ದೂರ ಕೂತು ಅಲುಗಾಡದೆ ಇರಬೇಕು. ಹೆಜ್ಜೆಯ ಅದುರು ಅದಕ್ಕೆ ತಕ್ಷಣ ತಿಳಿಯುತ್ತದೆ.

ಮಾತು ಕಡಿಮೆ ಇರಲಿ. "ಇದೇನು? ಯಾವ ಬಣ್ಣ? ಎಷ್ಟು ಕಾಲು?" ಅಂತ ಪರೀಕ್ಷೆ ಮಾಡಬೇಡಿ. ಅವನು ಏನು ನೋಡುತ್ತಿದ್ದಾನೋ ಅದನ್ನೇ ಒಂದು ಸಣ್ಣ ವಾಕ್ಯದಲ್ಲಿ ಹೇಳಿ: "ಏಡಿ ಒಳಗೆ ಹೋಯ್ತು." "ಮರಳು ಬಿಸಾಡ್ತು." ಆಮೇಲೆ ಸುಮ್ನೆ ಇರಿ. ಅವನು ತಿರುಗಿ ನಿಮ್ಮ ಮುಖ ನೋಡಿದಾಗ ಮುಂದಿನ ವಾಕ್ಯ. ಮನೆಗೆ ಬಂದು ನೀವಿಬ್ಬರೂ ಏಡಿ ಆಗಿ ಅಡ್ಡಡ್ಡ ನಡೆಯಿರಿ, ಮಂಚದ ಕೆಳಗೆ ಬಿಲ. ರಾತ್ರಿ ಏಡಿ ಚಿತ್ರ ಇರುವ ಪುಸ್ತಕ ತೆಗೆಯಿರಿ, ಇಲ್ಲದಿದ್ದರೆ ಹಳೇ ಡೈರಿಯಲ್ಲಿ ನೀವೇ ಬರೆಯಿರಿ, ವಕ್ರ ಆದರೂ ಅವನು ಗುರುತು ಹಿಡಿಯುತ್ತಾನೆ.

ಫ್ಲ್ಯಾಶ್ ಕಾರ್ಡ್ ಇದ್ದರೆ ಇರಲಿ, ತೊಂದರೆ ಇಲ್ಲ. ಆದರೆ ಹೆಸರು ಒಪ್ಪಿಸೋದು ಒಂದು, ಆ ಪ್ರಾಣಿ ಏನು ಮಾಡುತ್ತೆ ಅಂತ ಗೊತ್ತಿರೋದು ಇನ್ನೊಂದು. ನಿಮ್ಮವನಿಗೆ ಎರಡನೆಯದು ಆಗುತ್ತಿದೆ. ಅತ್ತಿಗೆಗೆ ಹೇಳೋಕೆ ಹೋಗಬೇಡಿ ಮಾತ್ರ.

ಕಾರವಾರ: ಹ್ಹಹ್ಹ, ಇಲ್ಲ ಅಕ್ಕೋರೇ, ಹೇಳಲ್ಲ. ಇನ್ನೊಂದು, ಮನೇಲಿ ಕೊಂಕಣಿ. ಅತ್ತೆ ಕುರ್ಲಿ ಅಂತಾರೆ, ನಾನು ಏಡಿ ಅಂತೀನಿ. ಮಗು ಗೊಂದಲ ಆಗಲ್ವಾ?

ಅಕ್ಕೋರು: ಆಗಲ್ಲ. ಅತ್ತೆ ಅವರ ಮಾತಲ್ಲೇ ಹೇಳಲಿ, ನೀವು ನಿಮ್ಮದರಲ್ಲಿ ಹೇಳಿ. ಅತ್ತೆಯವರನ್ನು ಮೀನು ಮಾರ್ಕೆಟ್ಟಿಗೆ ಮೊಮ್ಮಗನ ಜೊತೆ ಕಳಿಸಿ ನೋಡಿ. ಬಂಗುಡೆಯ ಬೆನ್ನಿನ ಗೆರೆ, ಸಿಗಡಿಯ ಮೀಸೆ, ಐಸ್ ತಣ್ಣಗಿರೋದು. ಮ್ಯೂಸಿಯಂ ಯಾಕೆ ಬೇಕು?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿ): ನಿಮಗೆ ಕಡಲಿದೆ. ನಮಗೆ ಜೂನ್ ಬಂತು ಅಂದರೆ ಸೆಪ್ಟೆಂಬರ್ ತನಕ ಮಳೆ, ಜಗುಲಿ ಬಿಟ್ಟು ಇಳಿಯೋ ಹಾಗಿಲ್ಲ. ತೋಟಕ್ಕೆ ಹೋದರೆ ಉಂಬಳ (ಜಿಗಣೆ). ಕೂಸಿಗೆ ಮೂರು ವರ್ಷ, ಇಡೀ ದಿನ ಮೊಬೈಲ್ ಕೇಳುತ್ತಾಳೆ. ಏನು ಮಾಡೋದು?

ಅಕ್ಕೋರು: ಜಗುಲಿ ಇದೆಯಲ್ಲ, ಅದೇ ದೊಡ್ಡ ಆಸ್ತಿ. ಅಂಗಳದ ಸೂರಿನ ಕೆಳಗೆ ಹಂಚಿನ ನೀರು ಬೀಳುವ ಜಾಗದಲ್ಲಿ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬಕೆಟ್, ಗೆರಟೆ ಸಾಲಾಗಿ ಇಡಿ. ಒಂದೊಂದರದ್ದು ಒಂದೊಂದು ಶಬ್ದ. ತುಂಬುತ್ತಾ ಬಂದ ಹಾಗೆ ಶಬ್ದ ಬದಲಾಗುತ್ತದೆ. ಕೂಸು ತಾನೇ ಪಾತ್ರೆ ಅದಲುಬದಲು ಮಾಡಿ ಪರೀಕ್ಷೆ ಮಾಡೋಕೆ ಶುರು ಮಾಡುತ್ತಾಳೆ, ನೀವು ಹತ್ತಿರ ಕೂತು ಅಡಿಕೆ ಸುಲಿಯೋದೋ ಪೇಪರ್ ಓದೋದೋ ಮಾಡಬಹುದು. ಹತ್ತಿರ ಅಂದರೆ ಕೈಗೆ ಸಿಗುವಷ್ಟು ಹತ್ತಿರ. ಇಷ್ಟು ಚಿಕ್ಕವರಿಗೆ ಬಕೆಟ್ ನೀರು ಕೂಡ ಅಪಾಯ, ಆಟ ಮುಗಿದ ಕೂಡಲೇ ಕವುಚಿ ಇಡಿ.

ಅಡಿಕೆ ಹಾಳೆ ಬಿದ್ದಿದ್ದರೆ ತಂದುಕೊಳ್ಳಿ. ನೀರಲ್ಲಿ ಬಿಟ್ಟರೆ ದೋಣಿ, ತಲೆಗೆ ಹಾಕಿದರೆ ಟೊಪ್ಪಿ, ಕೂಸನ್ನು ಕೂರಿಸಿ ಸೋಗೆ ಹಿಡಿದು ಜಗುಲಿ ತುಂಬ ಎಳೆದರೆ ಗಾಡಿ. ಒದ್ದೆ ಹಾಳೆ ಹೇಗೆ ಬಾಗುತ್ತೆ, ಒಣಗಿದ್ದು ಹೇಗೆ ಸೀಳುತ್ತೆ ಅಂತ ಕೈಗೇ ತಿಳಿಯುತ್ತದೆ.

ಬಸವನಹುಳು ಸಿಕ್ಕರೆ ಗಾಜಿನ ತಟ್ಟೆ ಮೇಲೆ ಬಿಟ್ಟು ತಟ್ಟೆಯನ್ನು ಕೂಸಿನ ಕಣ್ಣಿಗಿಂತ ಮೇಲೆ ಎತ್ತಿ ಹಿಡಿಯಿರಿ. ಕೆಳಗಿಂದ ನೋಡಿದರೆ ಅದರ ಪಾದ ಅಲೆ ಅಲೆಯಾಗಿ ಮುಂದೆ ಹೋಗೋದು ಕಾಣುತ್ತದೆ, ಹಿಂದೆ ಲೋಳೆಯ ದಾರಿ. ದೊಡ್ಡವರೂ ಬಾಯಿ ಬಿಟ್ಟು ನೋಡುತ್ತಾರೆ. ನೋಡಿ ಆದಮೇಲೆ ಸಿಕ್ಕ ಗಿಡದ ಬುಡಕ್ಕೇ ಬಿಟ್ಟು ಸೋಪು ಹಾಕಿ ಕೈ ತೊಳೆಸಿ, ತಟ್ಟೆಯನ್ನೂ ತೊಳೆಯಿರಿ. ಗೆರಟೆಯಲ್ಲಿ ಮಣ್ಣು ತುಂಬಿ ಹೆಸರುಕಾಳು ಹಾಕಿ. ಎರಡು ಮೂರು ದಿನಕ್ಕೆ ಮೊಳಕೆ, ಈ ವಯಸ್ಸಿನವರ ತಾಳ್ಮೆಗೆ ಅಷ್ಟೇ ಸರಿ. ಅವಳು ದಿನಾ ಕಿತ್ತು ಬೇರು ನೋಡುತ್ತಾಳೆ, ಬೈಬೇಡಿ, ಪಕ್ಕದಲ್ಲಿ ಇನ್ನೊಂದು ಗೆರಟೆ "ಕೀಳದೇ ಇರೋದು" ಅಂತ ಇಟ್ಟುಕೊಳ್ಳಿ.

ಉಂಬಳದ್ದು ನಿಮಗೇ ಗೊತ್ತು, ಹೆದರೋ ಪ್ರಾಣಿ ಅಲ್ಲ. ಆದರೆ ನೀವು ಕಿರುಚಿದರೆ ಕೂಸು ಜೀವಮಾನ ಇಡೀ ಕಿರುಚುತ್ತಾಳೆ.

ಸಿದ್ದಾಪುರದಿಂದ ಒಬ್ಬರು: ನಾವೆಲ್ಲ ಹಾಗೇ ಬೆಳೆದವರು, ಯಾರೂ ಕಲಿಸಲಿಲ್ಲ. ಈಗ ಇದಕ್ಕೂ ಪ್ರಶ್ನೋತ್ತರ ಬೇಕಾ?

ಅಕ್ಕೋರು: ನಿಮ್ಮ ಮಾತು ನಿಜ. ಆದರೆ ಆಗ ಮನೆ ತುಂಬ ಜನ. ಅಣ್ಣ, ಅಕ್ಕ, ದೊಡ್ಡಪ್ಪನ ಮಕ್ಕಳು, ಅವರ ಹಿಂದೆ ನಾವು. ಕಲಿಸಿದವರು ಅವರೇ, ನಮಗೆ ಕಲಿಸಿದ್ದು ಅಂತ ಗೊತ್ತಾಗಲಿಲ್ಲ ಅಷ್ಟೇ. ಈಗ ಮನೇಲಿ ಒಂದು ಮಗು, ಅಪ್ಪ-ಆಯಿ ಕೆಲಸಕ್ಕೆ. ಆ ಅಣ್ಣನ ಜಾಗದಲ್ಲಿ ನೀವೇ ಕೂರಬೇಕಲ್ಲ, ಅದಕ್ಕೇ ಕೇಳುತ್ತಾರೆ.

ಪ್ರಶ್ನೆ (ಅಂಕೋಲಾ): ಮಗುವಿಗೆ ಒಂದೂವರೆ ವರ್ಷ. ಪುಸ್ತಕ ಕೊಟ್ಟರೆ ಕಚ್ಚುತ್ತೆ, ಹರಿಯುತ್ತೆ. ಮೊಬೈಲಲ್ಲಿ ಪ್ರಾಣಿಗಳ ವಿಡಿಯೊ ತೋರಿಸಿದರೆ ಸುಮ್ಮನೆ ಕೂರುತ್ತೆ. ಅದೂ ಕಲಿಕೆ ತಾನೇ?

ಅಕ್ಕೋರು: ಸುಮ್ಮನೆ ಕೂರೋದು ಕಲಿಕೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕರ ತನಕ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆ ಆದಷ್ಟೂ ಒಳ್ಳೇದು. ಒಂದು ವರ್ಷ ದಾಟಿದ ಮಗು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಓಡಾಡಿಕೊಂಡು ಇರಬೇಕು. ಒಟ್ಟಿಗೇ ಅಲ್ಲ, ಇಡೀ ದಿನದಲ್ಲಿ ಸೇರಿ. ಎರಡರೊಳಗಿನ ಮಕ್ಕಳು ಒಂದೇ ವಿಷಯವನ್ನು ವಿಡಿಯೊಗಿಂತ ಎದುರಿನ ಮನುಷ್ಯರಿಂದ ಚೆನ್ನಾಗಿ ಕಲಿಯುತ್ತಾರೆ. ವಿಡಿಯೊ ಮಗು ಕೈ ತೋರಿಸಿದ ಕಡೆ ನೋಡೋದಿಲ್ಲ, ನೀವು ನೋಡುತ್ತೀರಿ.

ಕಚ್ಚೋದು ಆ ವಯಸ್ಸಿನ ಓದು. ದಪ್ಪ ರಟ್ಟಿನ ಪುಸ್ತಕ ಕೊಡಿ, ಒಂದು ಪುಟಕ್ಕೆ ಒಂದೇ ಚಿತ್ರ ಇರೋದು. ದುಡ್ಡು ಹಾಕಬೇಕಾಗಿಲ್ಲ. ನಿಮ್ಮ ಅಂಗಳದ ಬೆಕ್ಕು, ಕಾಗೆ, ಬಾಳೆಗೊನೆ, ಗದ್ದೆಯ ಬೆಳ್ಳಕ್ಕಿ, ಇವುಗಳ ಫೋಟೊ ತೆಗೆದು ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿ, ಮೇಲೆ ಟೇಪು. ಆನೆ, ಸಿಂಹ, ಜಿರಾಫೆ ಆಮೇಲೆ ಬರಲಿ. ಅಂಗಡಿ ಪುಸ್ತಕದಲ್ಲಿ ಜಿರಾಫೆ ಇರುತ್ತೆ, ಕೆಂಬೂತ ಇರೋದಿಲ್ಲ, ಅದು ನನ್ನ ಹಳೇ ಸಿಟ್ಟು. ಸ್ವಲ್ಪ ದೊಡ್ಡವರಾದ ಮೇಲೆ ಸ್ಟೋರಿವೀವರ್ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ್ದು, ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು.

ಓದುವಾಗ ಸಾಲು ಸಾಲು ಓದಬೇಡಿ. ಮಗು ಬೆರಳಿಟ್ಟ ಕಡೆ ನಿಲ್ಲಿ. ಕಾಗೆ ಪುಟ ಬಂದರೆ ಹೇಳಿ, "ನಿನ್ನೆ ನಮ್ಮ ಬಾವಿಕಟ್ಟೆ ಮೇಲೆ ಕೂತಿತ್ತಲ್ಲ?" ಆಮೇಲೆ ಕಾಯಿರಿ. ನಾವು ಕಾಯೋದಿಲ್ಲ, ನಾವೇ ಉತ್ತರವನ್ನೂ ಹೇಳಿಬಿಡುತ್ತೇವೆ. ಮನಸ್ಸಲ್ಲಿ ಐದು ಎಣಿಸಿ. "ಕಾ" ಅಂದರೂ ಸಾಕು, "ಹೌದು, ಕಾಗೆ ಕಾ ಕಾ ಅಂತು, ಹಾರಿಹೋಯ್ತು" ಅಂತ ನೀವು ಉದ್ದ ಮಾಡಿ. ಅದೇ ಪುಸ್ತಕ ಮತ್ತೆ ಮತ್ತೆ ಕೇಳಿದರೆ ಅದನ್ನೇ ಓದಿ. ನಿಮಗೆ ಬೇಜಾರು ಬರಬಹುದು, ಆದರೆ ಹೊಸ ಶಬ್ದ ಗಟ್ಟಿಯಾಗಿ ಕೂರೋದು ಹಾಗೇ. ಹೊರಗೆ ಹೋಗುವಾಗ ಆ ಪುಸ್ತಕ ಚೀಲದಲ್ಲಿರಲಿ, ಬೆಳ್ಳಕ್ಕಿ ಕಂಡಾಗ ಪುಟ ತೆಗೆದು ಪಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಸಿದ್ದಾಪುರ): ಮೊದಲು ತಮಾಷೆ ಮಾಡಿದವ ನಾನೇ. ಈಗ ಗಂಭೀರ ಪ್ರಶ್ನೆ. ನಮ್ಮ ಕಡೆ ಮಂಗನ ಕಾಯಿಲೆ ಭಯ. ಕಾಡಂಚಿನ ಮನೆ. ಮಾಣಿಯನ್ನು ಹೊರಗೆ ಬಿಡೋದಾ ಬೇಡವಾ?

ಅಕ್ಕೋರು: ತಮ್ಮ, ಈ ಭಯ ಸುಮ್ಮನೆ ಅಲ್ಲ. ಈ ರೋಗ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಹರಡೋದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಡಿಸೆಂಬರದಿಂದ ಮೇ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಮಾಣಿಯನ್ನು ಕಾಡೊಳಗೆ, ಬೆಟ್ಟಕ್ಕೆ ಕರೆದುಕೊಂಡು ಹೋಗಬೇಡಿ. ಗುಡಿಸಿದ ಅಂಗಳದಲ್ಲೇ ಆಟ. ಇನ್ನೊಂದು, ಕೊಟ್ಟಿಗೆಗೆ ಅಂತ ಕಾಡಿನಿಂದ ತಂದು ರಾಶಿ ಹಾಕಿದ ದರಕು (ಒಣ ಎಲೆ) ಇರುತ್ತಲ್ಲ, ಮಕ್ಕಳಿಗೆ ಅದರ ಮೇಲೆ ಹಾರೋದು ಅಂದರೆ ಪ್ರಾಣ. ಆ ಕಾಲದಲ್ಲಿ ಅದು ಬೇಡವೇ ಬೇಡ, ಉಣುಗು ಅದರಲ್ಲೇ ಮನೆಗೆ ಬರುತ್ತದೆ. ಸಂಜೆ ಬಿಸಿನೀರು, ಸೋಪು, ಬಟ್ಟೆ ಬದಲು. ಕಿವಿ ಹಿಂದೆ, ಕುತ್ತಿಗೆ, ಕಂಕುಳು, ತೊಡೆ ಸಂದು ಕೈಯಾಡಿಸಿ ನೋಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಹೇಳಿ. ಜ್ವರ ಬಂದರೆ ಮನೆಮದ್ದು ಬೇಡ, ನೇರ ಡಾಕ್ಟರ್.

ಹೊರಗಿನ ಅಪಾಯ ಅಂತ ಬಂತಲ್ಲ, ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಗುಲಗಂಜಿ ಚಂದ ಅಂತ ಆಟಕ್ಕೆ ಕೊಡಬೇಡಿ, ಅಗಿದರೆ ವಿಷ. ಕಣಗಿಲೆ, ಉಮ್ಮತ್ತಿ ಅಂಗಳದಲ್ಲಿದ್ದರೆ ಬೇಲಿ ಆಚೆ ಹಾಕಿ. ಮೂರರೊಳಗಿನವರ ಕೈಗೆ ಸಣ್ಣ ಕಲ್ಲು, ಹುಣಸೆ ಬೀಜ ಬೇಡ. ದಡಕ್ಕೆ ಬಿದ್ದ ಜೆಲ್ಲಿ ಮೀನು ಸತ್ತಿದ್ದರೂ ಚುಚ್ಚುತ್ತದೆ. ಮಳೆಗಾಲದ ಕಡಲು ರಸ್ತೆಯಿಂದ ನೋಡಿದರೆ ಸಾಕು.

ಪ್ರಶ್ನೆ (ಕುಮಟಾ): ಅಕ್ಕೋರೇ, ಮಗಳು ಇರುವೆ ಕಂಡರೆ ತುಳಿಯುತ್ತಾಳೆ, ಎಲ್ಲ ಹೂ ಕೀಳುತ್ತಾಳೆ. ಪ್ರೀತಿ ಬರೋದು ಯಾವಾಗ?

ಅಕ್ಕೋರು: ಎರಡು ವರ್ಷದವಳಿಗೆ ತುಳಿದರೆ ಏನಾಗುತ್ತೆ ಅಂತ ನೋಡಬೇಕು, ಅಷ್ಟೇ. ದುಷ್ಟತನ ಏನಲ್ಲ. "ತುಳೀಬೇಡ" ಅನ್ನೋ ಬದಲು ಕೈಗೆ ಕೆಲಸ ಕೊಡಿ. ಚಿಟಿಕೆ ಸಕ್ಕರೆ ಕೊಟ್ಟು ಇರುವೆ ಸಾಲಿನ ಪಕ್ಕ ಇಡಿಸಿ, ಹೇಗೆ ಹೊತ್ತುಕೊಂಡು ಹೋಗುತ್ತವೆ ಅಂತ ಇಬ್ಬರೂ ಬಗ್ಗಿ ನೋಡಿ. ಕೆಂಪು ಚಗಳಿ ಬೇಡ, ಕಪ್ಪು ಇರುವೆ ಸಾಕು. ಹೂವಿಗೆ ಒಂದೇ ನಿಯಮ: ಬಿದ್ದದ್ದು ನಿನ್ನದು, ಗಿಡದಲ್ಲಿರೋದು ಗಿಡದ್ದು. ಬೆಳಿಗ್ಗೆ ಪಾರಿಜಾತದ ಕೆಳಗೆ ಬುಟ್ಟಿ ಕೊಟ್ಟು ಬಿಡಿ. ನೀವು ಪೂಜೆಗೆ ಅಂತ ಪಕ್ಕದ ಮನೆ ದಾಸವಾಳ ಕೀಳೋದನ್ನು ಅವಳು ನೋಡಿದರೆ ಮಾತ್ರ ಈ ನಿಯಮ ನಡೆಯೋದಿಲ್ಲ.

ಪ್ರಶ್ನೆ (ಹೊನ್ನಾವರ): ಕಾಸರಕೋಡು ಕಡಲಲ್ಲಿ ಆಮೆ ಮರಿ ಬಿಡೋದನ್ನು ಮೂರು ವರ್ಷದ ಮಗನಿಗೆ ತೋರಿಸಬೇಕು ಅಂತ ಆಸೆ. ಅರ್ಥ ಆಗುತ್ತಾ?

ಅಕ್ಕೋರು: ಕರೆದುಕೊಂಡು ಹೋಗಿ. ಚಳಿಗಾಲದಿಂದ ಕಡಲಾಮೆ ಬಂದು ಮೊಟ್ಟೆ ಇಡುತ್ತವೆ, ಮರಿ ಆಗೋಕೆ ಸುಮಾರು 45ರಿಂದ 60 ದಿನ. ಮರಿ ಬಿಡುವ ದಿನ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ, ಗೂಡಿನ ಬೇಲಿ ಹತ್ತಿರ ಬಿಡಬೇಡಿ, ಮರಿ ಮುಟ್ಟಿಸಬೇಡಿ, ಮೊಬೈಲ್ ಫ್ಲ್ಯಾಶ್ ಬೇಡ, ಬೆಳಕಿಗೆ ಮರಿ ದಾರಿ ತಪ್ಪುತ್ತದೆ. ಹಿಂದಿನ ದಿನಗಳಲ್ಲಿ ಆಮೆ ಚಿತ್ರ ತೋರಿಸಿ, ಮನೆಯಲ್ಲಿ ದಿಂಬು ಬೆನ್ನಿಗೆ ಕಟ್ಟಿ ಆಮೆ ಆಟ ಆಡಿಸಿ. ಅಲ್ಲಿ ಹೋದಮೇಲೆ ಮಾಣಿ ಆಮೆ ಬಿಟ್ಟು ಕಾಗೆ ಹಿಂದೆ ಓಡಿದರೆ ಬಲವಂತ ಮಾಡಬೇಡಿ, ಕಾಗೆಯನ್ನೇ ನೋಡಿ ಬನ್ನಿ. ಬಟ್ಟೆ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಒದ್ದೆ ಆಗದೆ ವಾಪಸ್ ಬರೋ ಮಕ್ಕಳು ಯಾರೂ ಇಲ್ಲ.