ಹಳೆ ಸ್ಪೂಲ್ ಟೇಪ್ ರೆಕಾರ್ಡರ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ 6ರಿಂದ 8ರವರೆಗೆ ನಮ್ಮ ಮೆಕ್ಯಾನಿಕ್ ಸಾಹೇಬ್ರು ಸಿಗುತ್ತಾರೆ. ಸ್ಪೂಲ್ ಟೇಪ್ (ಕ್ಯಾಸೆಟ್ ಅಲ್ಲ, ಚಕ್ರಕ್ಕೆ ಸುತ್ತಿದ ಟೇಪ್) ಬಗ್ಗೆ ಮಾತ್ರ ಕೇಳಿ. ಹೆಸರಿನ ಬದಲು ಊರು ಹಾಕಿ. ಫಾರ್ವರ್ಡ್ ಬೇಡ.

ಮೈಸೂರು: ನಮಸ್ಕಾರ ಸರ್. 30 ವರ್ಷದಿಂದ ಅಟ್ಟದಲ್ಲಿದ್ದ ಮಷೀನು ಕೆಳಗಿಳಿಸಿದ್ದೇವೆ. ಪ್ಲಗ್ ಹಾಕಿ ನೋಡಬಹುದಾ?

ಮೆಕ್ಯಾನಿಕ್: ನಮಸ್ಕಾರ. ನೇರವಾಗಿ ಹಾಕಬೇಡಿ. ಇಷ್ಟು ವರ್ಷ ಕರೆಂಟು ಕಾಣದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಮ್ಮೆಗೇ 230 ವೋಲ್ಟ್ ತಡೆಯುವುದಿಲ್ಲ. ಮೊದಲು ಸೀರೀಸ್ ಬಲ್ಬ್ ಕಟ್ಟಿ, ಅಂದರೆ ಮಷೀನಿಗೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕ ಹಾದು ಹೋಗಬೇಕು. 100 ವಾಟಿನ ಹಳೆ ಫಿಲಮೆಂಟ್ ಬಲ್ಬು ಬೇಕು, ಎಲ್ಇಡಿ ನಡೆಯುವುದಿಲ್ಲ. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಇದನ್ನು ಕಟ್ಟಲು ಬರದಿದ್ದರೆ ರೇಡಿಯೊ ರಿಪೇರಿಯವರ ಹತ್ತಿರ ಒಯ್ಯಿರಿ. ವಾಲ್ವ್ (ಟ್ರಾನ್ಸಿಸ್ಟರ್‌ಗೆ ಮೊದಲಿನ ಗಾಜಿನ ಕೊಳವೆ) ಇರುವ ಮಷೀನಿನಲ್ಲಿ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಜಯನಗರ: ಮಾವ ಅಮೆರಿಕದಿಂದ ತಂದ ಮಷೀನು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಓಡುತ್ತದೆ, ಆದರೆ ಹಾಡುವ ಹೆಂಗಸಿನ ದನಿ ಗಂಡಸಿನ ದನಿ ಥರ ಕೇಳುತ್ತದೆ. ಬೆಲ್ಟ್ ಸಡಿಲವಾ?

ಮೆಕ್ಯಾನಿಕ್: ಬೆಲ್ಟ್ ಅಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಮೋಟಾರು ಅದನ್ನೇ ನಂಬಿ ತಿರುಗುತ್ತದೆ. 6 ಸುತ್ತು ಹೋಗಬೇಕಾದಲ್ಲಿ 5 ಹೋಗುತ್ತಿದೆ. ಶ್ರುತಿ ಸುಮಾರು ಮೂರು ಸ್ವರಸ್ಥಾನ ಇಳಿದಿರುತ್ತದೆ, ಹಾರ್ಮೋನಿಯಂ ಇಟ್ಟು ನೋಡಿ. ಕೆಲವು ಮಾಡೆಲ್‌ಗಳಿಗೆ 50 ಹರ್ಟ್ಸಿನ ಬೇರೆ ಪುಲ್ಲಿ ಬರುತ್ತಿತ್ತು. ಡಬ್ಬದಲ್ಲಿ ಸಣ್ಣ ಹಿತ್ತಾಳೆ ಬಿಲ್ಲೆ ಏನಾದರೂ ಇದೆಯಾ ಹುಡುಕಿ.

ಹೊನ್ನಾವರ: ಸರ್, ಅಪ್ಪನ ಗ್ರುಂಡಿಗ್ ಕಂಪನಿಯ ವಾಲ್ವ್ ಮಷೀನು ಇದೆ. ಜೊತೆಗೆ ನಾಲ್ಕು ಸ್ಪೂಲ್. 1968ರಲ್ಲಿ ನಮ್ಮನೆ ಜಗಲಿಯಲ್ಲಿ ಆದ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ), ಅಜ್ಜನ ಅರ್ಥಗಾರಿಕೆ, ಅಂದರೆ ಪಾತ್ರದ ಮಾತು, ಅದರಲ್ಲಿದೆ. ಬೇರೆ ಪ್ರತಿ ಇಲ್ಲ. ಡಬ್ಬ ತೆಗೆದರೆ ಹುಳಿ ವಾಸನೆ, ವಿನೆಗರ್ ಥರ. ಮಷೀನು ರಿಪೇರಿಗೆ ಎಷ್ಟಾಗುತ್ತದೆ?

ಧಾರವಾಡ: ಸರ್ ನಮ್ಮದೂ ಬಾಳ ವರ್ಷ ಬಂದ್ ಇತ್ತು. ಪ್ಲಗ್ ಹಾಕಬಹುದೇನ್ರಿ?

ಮೆಕ್ಯಾನಿಕ್: ಧಾರವಾಡ, ಮೇಲೆ ಓದಿ.

ಹೊನ್ನಾವರದವರೇ, ಮಷೀನು ಬಿಡಿ. ಆ ವಾಸನೆ ನನಗೆ ಹೆದರಿಕೆ ತಂದಿದೆ. ಸ್ಪೂಲನ್ನು ಅಡ್ಡ ಹಿಡಿದು ಹಿಂದೆ ಟಾರ್ಚ್ ಬಿಡಿ. ಸುತ್ತಿನ ನಡುವೆ ಬೆಳಕು ತೂರಿ ಬರುತ್ತದಾ ಹೇಳಿ. ಅಲ್ಲಿಯವರೆಗೆ ಟೇಪನ್ನು ಯಾವ ಮಷೀನಿಗೂ ಹಾಕಬೇಡಿ.

ತುಮಕೂರು: ಉಪಯುಕ್ತ ಮಾಹಿತಿ, ಎಲ್ಲರಿಗೂ ಕಳಿಸಿ 🙏 ಹೆಡ್‌ಗೆ ಸ್ಯಾನಿಟೈಸರ್. ಬೆಲ್ಟಿಗೆ ಕೊಬ್ಬರಿ ಎಣ್ಣೆ. ಜಾಮ್ ಆದ ಮಷೀನಿಗೆ ಡಬ್ಲ್ಯೂಡಿ-40. ಹಳೆ ಟೇಪ್ ಯಾವುದೇ ಇರಲಿ ಓವನ್‌ನಲ್ಲಿ ಬಿಸಿ ಮಾಡಿದರೆ ಹೊಸದಾಗುತ್ತದೆ.

ಮೆಕ್ಯಾನಿಕ್: ಇದನ್ನು ಈ ತಿಂಗಳಲ್ಲಿ ಐದನೇ ಸಲ ನೋಡುತ್ತಿದ್ದೇನೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಟೇಪನ್ನು ಓದುವ ಹೆಡ್ ಮೇಲೆ ಅಂಟು ಕೂರುತ್ತದೆ. 99% ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, ಹತ್ತಿಕಡ್ಡಿಯಲ್ಲಿ ಹೆಡ್ಡು ಒರೆಸಿ. ರಬ್ಬರ್ ರೋಲರಿಗೆ ಅದು ಬೇಡ, ಒದ್ದೆ ಬಟ್ಟೆ ಸಾಕು. ಬೆಲ್ಟಿಗೆ ಎಣ್ಣೆ ಹಚ್ಚುವವರು ಸೈಕಲ್ ಬ್ರೇಕಿಗೂ ಹಚ್ಚಿ ನೋಡಲಿ. ಡಬ್ಲ್ಯೂಡಿ-40 ಹೊಡೆದರೆ ಗಟ್ಟಿಯಾದ ಗ್ರೀಸು ಕರಗಿ ಹರಿದು ಬ್ರೇಕಿನ ಬಟ್ಟೆಗೆ ಹೋಗುತ್ತದೆ. ಹಳೆ ಗ್ರೀಸು ಕೆರೆದು ತೆಗೆದು ಹೊಸದು ಹಾಕಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಹೊನ್ನಾವರ: ಸರ್, ಇದೇ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ತಮ್ಮ ಓವನ್ ಬಿಸಿಗೆ ಇಟ್ಟಿದ್ದಾನೆ. ಟಾರ್ಚ್ ಹಿಡಿದೆ, ಬೆಳಕು ಚೆನ್ನಾಗಿ ಬರುತ್ತದೆ.

ಮೆಕ್ಯಾನಿಕ್: ಓವನ್ ಆರಿಸಿ. ಈಗಲೇ. ಆರಿಸಿ ಬಂದು ಇಲ್ಲಿ ಬರೆಯಿರಿ.

ಪುತ್ತೂರು: 1968ರ ತಾಳಮದ್ದಳೆಯಾ! ಯಾವ ಪ್ರಸಂಗ? ಅರ್ಥಗಾರಿಕೆ ಅಂದ್ರೆ ನಮ್ಮ ತೆಂಕಿನದ್ದು ಮಾರಾಯ್ರೆ, ಆ ಕಾಲದ್ದು ಕೇಳಬೇಕು.

ಕುಂದಾಪುರ: ಹೊನ್ನಾವರ ಅಂದ ಮೇಲೆ ತೆಂಕು ಎಲ್ಲಿಂದ ಬಂತು? ಯಕ್ಷಗಾನದಲ್ಲಿ ತೆಂಕು ನಿಮ್ಮ ದಕ್ಷಿಣದ ಶೈಲಿ, ಅದು ಬಡಗು, ಉತ್ತರದ್ದು.

ಪುತ್ತೂರು: ಅರ್ಥ ಹೇಳುವುದಕ್ಕೆ ತೆಂಕು ಬಡಗು ಇಲ್ಲ. ಭಾಗವತಿಕೆಗೆ, ಅಂದ್ರೆ ಹಾಡಿಕೆಗೆ ಇದೆ.

ಕುಂದಾಪುರ: ಹಾಗಾದರೆ "ನಮ್ಮ ತೆಂಕಿನದ್ದು" ಅಂತ ಹೇಳಿದ್ದು ಯಾರು?

ಹೊನ್ನಾವರ: ಆರಿಸಿದೆ ಸರ್. ಟೇಪ್ ಇನ್ನೂ ಒಳಗೆ ಇಟ್ಟಿರಲಿಲ್ಲ.

ಮೆಕ್ಯಾನಿಕ್: ಬದುಕಿದೆವು. ಈಗ ಕೇಳಿ ತಂಗಿ, ಉದ್ದ ಬರೆಯುತ್ತೇನೆ.

ಬೆಳಕು ತೂರುತ್ತದೆ, ಹುಳಿ ವಾಸನೆ ಇದೆ ಅಂದರೆ ಅದು ಅಸಿಟೇಟ್ ಎಂಬ ಹಳೆ ಪ್ಲಾಸ್ಟಿಕ್‌ನ ಟೇಪು. ವಾಸನೆ ಅಸಿಟಿಕ್ ಆಮ್ಲದ್ದು, ವಿನೆಗರ್‌ನಲ್ಲಿ ಇರುವುದೂ ಅದೇ. ಟೇಪಿನ ಮೈಯೇ ಕೊಳೆಯುತ್ತಿದೆ. ಬಿಸಿ, ತೇವ ಎರಡೂ ಅದನ್ನು ಜೋರು ಮಾಡುತ್ತವೆ. ಹೊರಬಿದ್ದ ಆಮ್ಲವೂ ಜೋರು ಮಾಡುತ್ತದೆ. ಓವನ್‌ಗೆ ಇಟ್ಟಿದ್ದರೆ ಸುರುಟಿ, ಹಪ್ಪಳದ ಥರ ಮುರಿಯುತ್ತಿತ್ತು.

ಬಿಸಿ ಮಾಡುವುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಈ ಮೆಸೇಜ್ ಅಪಾಯ. 1970ರ ದಶಕದ ನಡುವಿನಿಂದ ಬಂದ, ಹಿಂಬದಿಗೆ ಕಪ್ಪು ಲೇಪ ಇರುವ ಕೆಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಕುಡಿದು ಹೆಡ್ಡಿಗೆ ಹತ್ತುತ್ತದೆ. ಆಂಪೆಕ್ಸ್ 456 ಎಂಬ ಟೇಪು ಅದಕ್ಕೆ ಹೆಸರುವಾಸಿ. ಅಂಥವನ್ನು ಸುಮಾರು 54 ಡಿಗ್ರಿಯಲ್ಲಿ ಎಂಟು ಗಂಟೆ ಅಥವಾ ಇನ್ನೂ ಜಾಸ್ತಿ ಹೊತ್ತು, ಬಿಸಿಯ ಹದ ತಪ್ಪದ ಯಂತ್ರದಲ್ಲಿ ಇಟ್ಟರೆ ಕೆಲವು ವಾರ ಓಡುತ್ತವೆ. ಆ ಔಷಧ ಈ ರೋಗಕ್ಕಲ್ಲ.

ನಾಲ್ಕೂ ಸ್ಪೂಲನ್ನು ಬೇರೆ ಟೇಪುಗಳಿಂದ ದೂರ ಇಡಿ, ಆ ಆವಿ ಪಕ್ಕದ ಅಸಿಟೇಟಿಗೂ ತಾಗುತ್ತದೆ. ಗಾಳಿಯಾಡದ ಡಬ್ಬ ಬೇಡ. ರಟ್ಟಿನ ಹೊಸ ಪೆಟ್ಟಿಗೆ ಮಾಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಮನೆಯಲ್ಲಿ ಒಣಗಿದ ತಂಪು ಕೋಣೆ ಯಾವುದೋ ಅಲ್ಲಿಡಿ. ಬಿಸಿಲಿಗೆ ಒಣಗಿಸಬೇಡಿ, ಅದು ಅಡಿಕೆಯಲ್ಲ. ಫಾಸ್ಟ್ ಫಾರ್ವರ್ಡ್, ರಿವೈಂಡ್ ಮಾಡಲೇಬೇಡಿ. ಅಸಿಟೇಟ್ ಎಳೆದರೆ ಉದ್ದವಾಗುವುದಿಲ್ಲ, ಪಟ್ ಅಂತ ತುಂಡಾಗುತ್ತದೆ. ತುಂಡಾದರೆ ಸೆಲೋಟೇಪ್ ಹಚ್ಚಬೇಡಿ. ಎರಡೂ ತುದಿ ಜೋಪಾನ ಮಾಡಿ, ಸ್ಪ್ಲೈಸಿಂಗ್ ಟೇಪಿನಲ್ಲಿ ಚೊಕ್ಕವಾಗಿ ಕೂಡಿಸಬಹುದು.

ನಿಮ್ಮ ಗ್ರುಂಡಿಗ್ ರಿಪೇರಿಯಾದರೂ ಮೊದಲ ಸಲ ಇದನ್ನು ಅದರಲ್ಲಿ ಹಾಕಬೇಡಿ. ಟೇಪನ್ನು ಮೆತ್ತಗೆ ಎಳೆಯುವ, ಸೆಟ್ಟಿಂಗ್ ಸರಿಯಿರುವ ಮಷೀನು ಬೇಕು. ಪಕ್ಕದಲ್ಲಿ ಕಂಪ್ಯೂಟರ್ ರೆಕಾರ್ಡ್ ಮಾಡುತ್ತಿರಬೇಕು. ಎರಡನೇ ಸಲ ಓಡುತ್ತದೆ ಅಂತ ನಂಬಬೇಡಿ. ಪೋಸ್ಟಿನಲ್ಲಿ ಕಳಿಸಬೇಡಿ, ಕೈಯಲ್ಲಿ ತನ್ನಿ. ನಾನೇ ಮಾಡುತ್ತೇನೆ. ಅಡ್ಮಿನ್ ನನ್ನ ನಂಬರ್ ಕೊಡುತ್ತಾರೆ.

ಹಾಸನ: ಒಂದು ಸ್ಪೂಲ್ ಎಷ್ಟು ಹೊತ್ತು ಓಡುತ್ತದೆ ಸರ್?

ಮೆಕ್ಯಾನಿಕ್: 540 ಮೀಟರ್ ಟೇಪು, ಸೆಕೆಂಡಿಗೆ 9.5 ಸೆಂ.ಮೀ. ವೇಗದಲ್ಲಿ, ಒಂದು ಬದಿಗೆ ಸುಮಾರು 95 ನಿಮಿಷ.

ತುಮಕೂರು: ಒಳ್ಳೆ ಮನಸ್ಸಿಂದ ಹಾಕಿದ್ದು ಸರ್. ಇಷ್ಟು ಬೈಯುವ ಅಗತ್ಯ ಇರಲಿಲ್ಲ.

ಕುಂದಾಪುರ: ಒಳ್ಳೆ ಮನಸ್ಸು ಓವನ್‌ವರೆಗೆ ಹೋಗಿತ್ತಲ್ಲ.

ತುಮಕೂರು: ನೀವು ಅಡ್ಮಿನ್ನಾ? ತೆಂಕು ಬಡಗು ಅಂತ ಅರ್ಧ ಗಂಟೆ ತಿಂದವರು ಯಾರು?

ಪುತ್ತೂರು: ಅದು ಚರ್ಚೆ.

ಬಳ್ಳಾರಿ: ನಮ್ಮಪ್ಪನ ಸ್ಪೂಲ್ ಮಷೀನು ಮಾರಿದರೆ ಎಷ್ಟು ಸಿಗಬಹುದು?

ಕೋಲಾರ: ಸರ್, 40 ವರ್ಷ ಆಗಿದೆ, ಪ್ಲಗ್ ಹಾಕಬಹುದಾ?

ಮೆಕ್ಯಾನಿಕ್: ಇಲ್ಲ.

ಮೈಸೂರು: ಸೀರೀಸ್ ಬಲ್ಬ್ ಕಟ್ಟಿಸಿದೆ ಸರ್. ಬಲ್ಬು ಮಂಕಾಯಿತು. ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೈಯಿಂದ ತಳ್ಳಿದರೆ ತಿರುಗುತ್ತದೆ.

ಮೆಕ್ಯಾನಿಕ್: ಬಲ್ಬು ಇರುವಾಗ ಮೋಟಾರಿಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ, ಅದರಿಂದಲೂ ಹೀಗಾಗುತ್ತದೆ. ಬಲ್ಬು ತೆಗೆದ ಮೇಲೂ ಹಾಗೇ ಇದ್ದರೆ ಮೋಟಾರಿನ ಕೆಪಾಸಿಟರ್ ಸತ್ತಿರಬಹುದು. ಅದೇ ಮೈಕ್ರೊಫ್ಯಾರಡ್, ಎಸಿಗೆ ಆಗುವಂಥದ್ದೇ ಹಾಕಿಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ. ಹಾಗೇ ಒಳಗೆ ಹಳದಿ, ಗಾಜಿನಂತೆ ಕಾಣುವ ಚೌಕ ಕೆಪಾಸಿಟರ್ ಮೇಲೆ ಕೂದಲೆಳೆ ಬಿರುಕು ಕಂಡರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಮನೆ ತುಂಬ ಹೊಗೆ.

ಬಳ್ಳಾರಿ: ಸರ್, ರೇಟು?

ಹೊನ್ನಾವರ: ಭಾನುವಾರ ಬಸ್ಸಿಗೆ ಬರುತ್ತೇನೆ ಸರ್. ಸ್ಪೂಲನ್ನು ಮಡಿಲಲ್ಲೇ ಇಟ್ಟುಕೊಂಡು.

ಮೆಕ್ಯಾನಿಕ್: ಕಿಟಕಿ ಬದಿ ಕೂರಬೇಡಿ, ಬಿಸಿಲು ಬೀಳುತ್ತದೆ. 8 ಆಯಿತು, ನಾನು ಊಟಕ್ಕೆ ಹೊರಟೆ.

ಬಳ್ಳಾರಿ: ಸರ್?