ಗಾಳಿಗೆ ಮುರಿದ ಮಾವಿನ ಕೊಂಬೆಯಲ್ಲಿ ಸೀತಾಳೆ ದಂಡೆ ಗಿಡ ಇದೆ, ಉಳಿಸೋದು ಹೇಗೆ? ಕುಂಡದಲ್ಲಿ ಹಾಕ್ಬಹುದಾ?

ಅಂಕೋಲಾ_ಅಂಗಳ:
ಎಲ್ರಿಗೂ ನಮಸ್ಕಾರ. ನಮ್ಮದು ಅಂಕೋಲಾ ಹತ್ರ. ಮೊನ್ನೆ ಗಾಳಿಮಳೆಗೆ ಮನೆ ಹಿಂದಿನ ಹಳೇ ಮಾವಿನ ಮರದ ದೊಡ್ಡ ಕೊಂಬೆ ಮುರ್ಕೊಂಡು ಬಿತ್ತು, ಅದ್ರಲ್ಲಿ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಗಿಡ ಇದೆ, ಈ ಸಲ ಮೇ ಕೊನೆಗೆ ಉದ್ದಕ್ಕೆ ಜೋತುಬಿದ್ದು ಹೂ ಬಿಟ್ಟಿತ್ತು, ಈಗ ಹೂ ಎಲ್ಲ ಉದುರಿ ಎರಡ್ಮೂರು ಕಾಯಿ ನಿಂತಿದೆ. ಅದೇ ಕೊಂಬೆಯಲ್ಲಿ ಇನ್ನೊಂದು ಗಿಡನೂ ಇದೆ, ಸಣ್ಣ ಸಣ್ಣ ಕಡ್ಡಿ ಗುಂಪು ಗುಂಪಾಗಿ, ಎಲೆ ತೆಳು, ಹೂ ನಾನು ನೋಡಿಲ್ಲ. ಕೊಂಬೆನ ಸೌದೆಗೆ ಕಡಿತೀನಿ ಅಂತ ಅಪ್ಪ ಹೇಳ್ತಿದ್ದಾರೆ, ನಾನು ಎರಡು ದಿನ ತಡೀರಿ ಅಂದಿದ್ದೀನಿ. ಪಕ್ಕದ ಮನೆಯವ್ರು ಅದು ಬಂದಳಿಕೆ, ಮರದ ರಸ ಹೀರ್ತದೆ, ಮತ್ತೆ ಮರಕ್ಕೆ ಕಟ್ಬೇಡ ಅಂತಾರೆ. ಹೌದಾ? ಕುಂಡದಲ್ಲಿ ಮಣ್ಣು ಹಾಕಿ ನೆಟ್ರೆ ಬದುಕುತ್ತಾ?
ಇನ್ನೊಂದು ಪ್ರಶ್ನೆ, ನರ್ಸರಿಯಿಂದ ತಂದ ನೇರಳೆ ಬಣ್ಣದ ಡೆಂಡ್ರೋಬಿಯಂ ಆರ್ಕಿಡ್ ಇದೆ, ತಂದಾಗ ಹೂ ಇತ್ತು, ಆಮೇಲೆ ಎಲೆ ಮಾತ್ರ ಕಡುಹಸಿರಾಗಿ ಚೆನ್ನಾಗಿ ಬರ್ತಿದೆ, ಹೂವೇ ಇಲ್ಲ. ಜಗಲಿಯಲ್ಲಿ ಇಟ್ಟಿದ್ದೀನಿ. ಏನು ಮಾಡ್ಲಿ?

ಸೊಪ್ಪಿನಬೆಟ್ಟ_ಶಿರಸಿ:
ಮೊದಲು ಅಪ್ಪಂಗೆ ಹೇಳಿ ಕೊಂಬೆ ಕಡಿಯೋದು ನಿಲ್ಸಿದ್ದು ಒಳ್ಳೇದಾಯ್ತು. ಮಣ್ಣಲ್ಲಿ ಮಾತ್ರ ಹಾಕ್ಬೇಡಿ, ಈ ಮಳೆಗೆ ಒಂದು ತಿಂಗಳೊಳಗೆ ಬೇರು ಕೊಳ್ತು ಹೋಗ್ತದೆ. ಸೀತಾಳೆ ದಂಡೆ ಬೇರಿಗೆ ಗಾಳಿ ಬೇಕು, ನೆನೀಬೇಕು, ಮತ್ತೆ ಬೇಗ ಒಣಗ್ಬೇಕು. ಬೇರಿನ ಮೇಲೆ ಬೂದಿ ಬಣ್ಣದ ಸ್ಪಂಜಿನ ಥರ ಒಂದು ಪದರ ಇರ್ತದೆ ನೋಡಿ, ಮಳೆ ಬಿದ್ದಾಗ ಅದು ನೀರು ಹೀರ್ಕೊಂಡು ಹಸಿರಾಗ್ತದೆ, ಒಣಗಿದಾಗ ಮತ್ತೆ ಬೆಳ್ಳಿ ಬಣ್ಣಕ್ಕೆ ತಿರುಗ್ತದೆ. ಮಣ್ಣೊಳಗೆ ಆ ಪದರ ಒಣಗೋದೇ ಇಲ್ಲ.
ಬಂದಳಿಕೆ ಬೇರೆ, ಇದು ಬೇರೆ. ಬಂದಳಿಕೆ ಬೇರು ಮರದ ಒಳಗೇ ಇಳಿದು ನೀರು, ಸಾರ ಎರಡೂ ಎಳೀತದೆ, ನಮ್ಮ ಬೆಟ್ಟದಲ್ಲಿ ಬಂದಳಿಕೆ ಹತ್ತಿ ಒಣಗಿದ ಮಾವಿನ ಕೊಂಬೆ ಎಷ್ಟೋ ಇದೆ. ಸೀತಾಳೆ ದಂಡೆ ತೊಗಟೆ ಮೇಲೆ ಅಪ್ಪಿಕೊಂಡು ಕೂರ್ತದೆ ಅಷ್ಟೇ, ಒಳಗೆ ಹೋಗೋದಿಲ್ಲ. ಮಳೆನೀರು, ತೊಗಟೆ ಸಂದಿಯಲ್ಲಿ ಕೊಳೆತ ಎಲೆ, ಧೂಳು, ಅದ್ರ ಊಟ ಅದೇ. ಬೇಕಾದ್ರೆ ಪಕ್ಕದ ಮನೆಯವ್ರನ್ನ ಕರೆದು ಆ ಮುರಿದ ಕೊಂಬೆಯಲ್ಲೇ ಒಂದು ಬೇರು ಎಬ್ಬಿಸಿ ತೋರ್ಸಿ, ಕೆಳಗೆ ತೊಗಟೆ ಹಾಗೇ ಇರ್ತದೆ.
ಕಟ್ಟೋ ಕ್ರಮ ಹೇಳ್ತೆ. ಬೇರು ಕಿತ್ತು ಬಿಡಿಸಕ್ಕೆ ಹೋಗ್ಬೇಡಿ. ಗಿಡ ಕೂತಿರೋ ಕಡೆ ತೊಗಟೆ ಸಮೇತ, ಸಾಧ್ಯ ಆದ್ರೆ ಕೊಂಬೆಯ ಒಂದು ತುಂಡು ಸಮೇತ ಕೊಯ್ದು ತೆಗೀರಿ. ಅದನ್ನ ಹಾಗೇ ಬದುಕಿರೋ ಮಾವಿಗೋ ಹಲಸಿಗೋ ಕಟ್ಟಿ, ಪೂರ್ವದ ಬೆಳಗಿನ ಬಿಸಿಲು ಬೀಳೋ ಬದಿ ಒಳ್ಳೇದು. ಗಿಡ ಸ್ವಲ್ಪ ಹೊರಗೆ ವಾಲಿರ್ಲಿ, ಎಲೆ ಬುಡದಲ್ಲಿ ನೀರು ನಿಂತ್ರೆ ಸುಳಿ ಕೊಳೀತದೆ. ಬಾಳೆ ನಾರು, ಕತ್ತದ ಹಗ್ಗ, ಹಳೇ ಹತ್ತಿ ಸೀರೆ ಅಂಚು ಯಾವ್ದಾದ್ರೂ ಆಗ್ತದೆ, ಬೇರು ಹಿಡಿಯೋ ಹೊತ್ತಿಗೆ ಅದು ತಾನೇ ಲಡ್ಡಾಗಿ ಉದುರ್ತದೆ. ತಾಮ್ರದ ತಂತಿ ಮಾತ್ರ ಬೇಡ. ಪೇರಲೆ, ನೀಲಗಿರಿ ಮರಕ್ಕೂ ಕಟ್ಬೇಡಿ, ಆ ಮರ ತೊಗಟೆ ಬಿಡಿಸ್ಕೊಳ್ತದೆ, ಗಿಡನೂ ಜೊತೆಗೇ ಬೀಳ್ತದೆ.
ಈಗ ಮಳೆಗಾಲ ಇರೋದ್ರಿಂದ ಹೊಸ ಬೇರು ಬರೋ ಕಾಲ, ತುದಿ ಹಸಿರಾಗಿ ಹೊಳೀತಿದ್ರೆ ಅದು ಬೆಳೀತಿದೆ ಅಂತ ಅರ್ಥ, ಹಾಗಾಗಿ ತಡ ಮಾಡ್ಬೇಡಿ. ಮುಂದಿನ ಬೇಸಿಗೆ ಒಂದು ಸಲ ಮಾತ್ರ ಕಾಳಜಿ ಬೇಕು, ಫೆಬ್ರವರಿ ನಂತ್ರ ಬೆಳಿಗ್ಗೆ ನೀರು ಚಿಮುಕಿಸ್ತಾ ಇರಿ. ಅದಾದ್ಮೇಲೆ ಅದ್ರ ಪಾಡಿಗೆ ಅದು ಇರ್ತದೆ.

ಕೋಡಿಬಾಗ_ಟೆರೇಸ್:
ನಾನು ಕಾರವಾರದಲ್ಲಿ ಟೆರೇಸ್ ಮೇಲೆ ಹೈಬ್ರಿಡ್ ಬೆಳೀತೀನಿ, ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಹೇಳ್ತೀನಿ. ಎಲೆ ಕಡುಹಸಿರು ಅಂದ್ರಲ್ಲ, ಕಾರಣ ಅದೇ, ಬೆಳಕು ಸಾಕಾಗ್ತಿಲ್ಲ. ಡೆಂಡ್ರೋಬಿಯಂ ಎಲೆ ಸ್ವಲ್ಪ ತಿಳಿಹಸಿರು, ಹಳದಿ ಕಡೆ ವಾಲಿದ ಹಸಿರು ಇರ್ಬೇಕು. ಜಗಲಿಯಿಂದ ತೆಗೆದು 50 ಪರ್ಸೆಂಟ್ ಶೇಡ್ ನೆಟ್ ಕೆಳಗೆ ಇಡಿ, ಆದ್ರೆ ಒಂದೇ ಸಲ ಬಿಸಿಲಿಗೆ ತಂದು ಇಟ್ರೆ ಎಲೆ ಸುಡುತ್ತೆ, ವಾರಕ್ಕೊಂದಿಷ್ಟು ಅಂತ ಸರಿಸ್ತಾ ಹೋಗಿ. ನಿಮ್ಮದು ಸೋನಿಯಾ ಅನ್ನೋ ತಳಿ ಇರ್ಬೇಕು, ಹೂವಲ್ಲಿ ನೇರಳೆ ಜೊತೆ ಬಿಳಿನೂ ಇದ್ದಿದ್ರೆ ಹೆಚ್ಚಾಗಿ ಅದೇ, ನಮ್ಮ ಕರಾವಳಿ ಸೆಕೆ, ತೇವ ಎರಡೂ ಅದಕ್ಕೆ ಹೇಳಿ ಮಾಡ್ಸಿದ ಹಾಗೆ. ವಾಂಡಾ ಅನ್ನೋ ಆರ್ಕಿಡ್ ಕೂಡ ಚೆನ್ನಾಗಿ ಬರುತ್ತೆ. ದೊಡ್ಡ ಹೂವಿನ ಸಿಂಬಿಡಿಯಂ ಹೈಬ್ರಿಡ್ ಮಾತ್ರ ಇಲ್ಲಿಗೆ ತರ್ಬೇಡಿ, ಅದಕ್ಕೆ ರಾತ್ರಿ ತಂಪು ಬೇಕು, ಸಿಕ್ಕಿಂ ಕಡೆ ಬೆಳೆಯೋದು ಅದು, ಕಾರವಾರದಲ್ಲಿ ಎಲೆ ಬಿಟ್ಟು ಬೇರೇನೂ ಬರಲ್ಲ.
ಕುಂಡಕ್ಕೆ ಎಲ್ರೂ ತೆಂಗಿನ ಸಿಪ್ಪೆ ತುಂಡು ಹಾಕಿ ಅಂತಾರೆ. ಬೆಂಗಳೂರಿಗೆ ಅದು ಸರಿ ಇರ್ಬಹುದು, ಇಲ್ಲಿ ಜೂನ್ ಜುಲೈ ಮಳೆಯಲ್ಲಿ ಸಿಪ್ಪೆ ನೆನೆದು ನೆನೆದು ಹುಳಿಯಾಗಿ ಬೇರು ಕಪ್ಪಾಗುತ್ತೆ. ಇದ್ದಿಲು ಮತ್ತೆ ಹಂಚಿನ ಚೂರು, ಇಷ್ಟೇ ಸಾಕು, ಹಳೇ ಮಂಗಳೂರು ಹಂಚು ಯಾರ ಮನೆ ಹಿಂದೆ ಇಲ್ಲ ಹೇಳಿ. ಕುಂಡಕ್ಕೆ ಬದಿಯಲ್ಲೂ ತೂತು ಇರ್ಲಿ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋದು) ಒಂದು ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ, ಮಳೆ ಜೋರಿದ್ದಾಗ ಅದೂ ಬೇಡ. ಬಸವನಹುಳು ರಾತ್ರಿ ಬರುತ್ತೆ, ಎಳೇ ಬೇರಿನ ತುದಿ, ಹೂಮೊಗ್ಗು ಅಂದ್ರೆ ಅದಕ್ಕೆ ಪ್ರಾಣ, ಟಾರ್ಚ್ ಹಿಡ್ಕೊಂಡು ಹೆಕ್ಕೋದೇ ದಾರಿ.
ಮತ್ತೆ ಹಳೇ ಕಡ್ಡಿ ಎಲೆ ಉದುರಿ ಬೋಳಾಯ್ತು ಅಂತ ಕತ್ತರಿಸ್ಬೇಡಿ, ಅದ್ರಲ್ಲಿ ನೀರು ಆಹಾರ ಕೂಡಿಟ್ಕೊಂಡಿರುತ್ತೆ, ಕೆಲವು ಸಲ ಅದ್ರ ಗಿಣ್ಣಲ್ಲೇ ಮರಿಗಿಡ ಬರುತ್ತೆ.

ಸೊಪ್ಪಿನಬೆಟ್ಟ_ಶಿರಸಿ:
ಇವ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೆ, ಅಡಿಕೆ ತೋಟ ಹತ್ತಿರ ಇದ್ದವ್ರಿಗೆ ಬೇಕಾಗ್ತದೆ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ದಿನ ಡೆಂಡ್ರೋಬಿಯಂ ಕುಂಡ ಎಲ್ಲ ಒಳಗೆ ಇಟ್ಬಿಡಿ. ಬೋರ್ಡೋದಲ್ಲಿ ಮೈಲುತುತ್ತು ಇರೋದು, ಅಂದ್ರೆ ತಾಮ್ರ, ಡೆಂಡ್ರೋಬಿಯಂಗೆ ತಾಮ್ರ ಆಗಿ ಬರೋದಿಲ್ಲ, ಎಲೆ ಸುಟ್ಟು ಉದುರ್ತದೆ. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಕೊಳೆ ಕಂಡ್ರೆ ಅಡಿಕೆಗೆ ಹೊಡೆದು ಉಳಿದ ಔಷಧಿನೇ ಇದಕ್ಕೂ ಅಂತ ಹೊಡೀತಾರೆ ಕೆಲವ್ರು, ಅದೂ ಬೇಡ. ಕೊಳೆತ ಭಾಗ ಬ್ಲೇಡಿಂದ ಕೊಯ್ದು, ಕೊಯ್ದ ಜಾಗಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ ಮಳೆ ಬೀಳದ ಕಡೆ ಗಾಳಿಗೆ ಇಡಿ. ಪುಡಿ ಬೇರಿಗೆ ತಾಗ್ಬಾರ್ದು, ಬೇರು ಒಣಗಿಸ್ತದೆ.

ಗಿಡಗಂಟಿ_ಕುಮಟಾ:
ನಾನು ಬಾಟನಿ ಓದಿದವ, ಈಗ ಕಲಿಸೋ ಕೆಲಸ. ನಿಮ್ಮ ಎರಡನೇ ಗಿಡ, ಸಣ್ಣ ಕಡ್ಡಿ ಗುಂಪು ಅಂದ್ರಲ್ಲ, ಅದು ಕಾಡು ಡೆಂಡ್ರೋಬಿಯಂ ಇರೋ ಸಾಧ್ಯತೆ ಜಾಸ್ತಿ, ನಮ್ಮ ಕಡೆ ಡೆಂಡ್ರೋಬಿಯಂ ಓವೇಟಂ, ಬಾರ್ಬಾಟುಲಂ ಎರಡೂ ಇವೆ, ಹೂ ನೋಡದೆ ಖಚಿತ ಹೇಳಕ್ಕಾಗಲ್ಲ. ಇದನ್ನೂ ಮರಕ್ಕೇ ಕಟ್ಟಿ. ಮುಖ್ಯ ವಿಷಯ, ಮಳೆ ಮುಗಿದ ಮೇಲೆ ಇದ್ರ ಎಲೆ ಎಲ್ಲ ಉದುರುತ್ತೆ, ಕಡ್ಡಿ ಸುಕ್ಕುಗಟ್ಟಿ ಸತ್ತಂಗೆ ಕಾಣುತ್ತೆ, ಆಗ ಕಿತ್ತು ಬಿಸಾಡ್ಬೇಡಿ ದಯವಿಟ್ಟು. ಚಳಿಗಾಲದಲ್ಲಿ ಆ ಬೋಳು ಕಡ್ಡಿಯಲ್ಲೇ ಹೂ ಬರೋದು.
ಸೀತಾಳೆ ದಂಡೆಯ ವೈಜ್ಞಾನಿಕ ಹೆಸರು ರಿಂಕೋಸ್ಟೈಲಿಸ್ ರೆಟೂಸಾ. ಅಸ್ಸಾಮಿನ ರಾಜ್ಯಪುಷ್ಪ ಇದೇ, ಅಲ್ಲಿ ಬಿಹು ಕುಣಿಯೋ ಹೆಣ್ಮಕ್ಕಳು ಮುಡಿಯೋದು ಇದನ್ನೇ. ನಿಮ್ಮದು ಅದೇ ಹೌದೋ ಅಂತ ಮುಂದಿನ ವರ್ಷ ನೋಡ್ಕೊಳ್ಳಿ, ಯಾಕಂದ್ರೆ ಏರಿಡಿಸ್ ಕ್ರಿಸ್ಪಾ ಅನ್ನೋ ಇನ್ನೊಂದು ಆರ್ಕಿಡ್ ಕೂಡ ಅದೇ ಹೊತ್ತಿಗೆ ಹೂ ಬಿಡುತ್ತೆ, ಎಲೆ ನೋಡಿ ಜನ ಎರಡನ್ನೂ ಒಂದೇ ಅನ್ಕೋತಾರೆ. ಸೀತಾಳೆ ದಂಡೆಯಲ್ಲಿ ಹೂ ಒತ್ತೊತ್ತಾಗಿ ಸುತ್ತಲೂ ತುಂಬಿ ನೇರ ಕೆಳಗೆ ಜೋತಿರುತ್ತೆ, ಬಿಳಿ ಮೇಲೆ ಗುಲಾಬಿ ಚುಕ್ಕೆ. ಕ್ರಿಸ್ಪಾದಲ್ಲಿ ಹೂ ದೊಡ್ಡದು, ಬಿಡಿಬಿಡಿ, ಗೊಂಚಲು ಕವಲೊಡೆಯೋದೂ ಇದೆ, ಪರಿಮಳ ಜಾಸ್ತಿ.
ಕಾಯಿ ಇದೆ ಅಂದ್ರಿ, ಅದನ್ನ ಕೀಳ್ಬೇಡಿ. ಒಂದೊಂದು ಕಾಯಲ್ಲಿ ಲೆಕ್ಕ ಇಡಕ್ಕಾಗದಷ್ಟು ಬೀಜ, ಹುಡಿಯಷ್ಟು ಸಣ್ಣ, ಗಾಳಿಗೆ ಹಾರೋದು. ಆದ್ರೆ ಭತ್ತದ ಬೀಜದ ಥರ ಅದ್ರೊಳಗೆ ಬುತ್ತಿ ಇಲ್ಲ, ಮೊಳಕೆ ಒಡೀಬೇಕು ಅಂದ್ರೆ ತೊಗಟೆಯಲ್ಲಿರೋ ಒಂದು ಶಿಲೀಂಧ್ರ ಬಂದು ಊಟ ಕೊಡ್ಬೇಕು. ಇದನ್ನ 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಕಂಡುಹಿಡಿದದ್ದು. ಅದಕ್ಕೂ ಮೊದಲು ಯುರೋಪಿನ ತೋಟದವ್ರು ರಾಶಿ ರಾಶಿ ಬೀಜ ಚೆಲ್ಲಿದ್ರೂ ಮೊಳಕೆ ಬರ್ತಿದ್ದದ್ದು ಅಪರೂಪಕ್ಕೆ, ಹೆಚ್ಚಾಗಿ ಕಾಡಿಂದ ಕಿತ್ತು ಹಡಗಿಗೆ ತುಂಬೋದೇ ನಡೀತಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರ ಇಲ್ಲದೇನೂ ಸಕ್ಕರೆ ಹಾಕಿದ ಅಗರ್ ಅನ್ನೋ ಜೆಲ್ಲಿ ಮೇಲೆ, ಬಾಟಲಿಯೊಳಗೆ ಮೊಳಕೆ ಬರಿಸಿ ತೋರ್ಸಿದ್ರು. ನಿಮ್ಮ ನರ್ಸರಿ ಡೆಂಡ್ರೋಬಿಯಂ ಇಷ್ಟು ಅಗ್ಗಕ್ಕೆ ಸಿಗೋದು ಲ್ಯಾಬಲ್ಲಿ ಬಾಟಲಿಯೊಳಗೆ ಬೆಳೆಸೋದು ಸಾಧ್ಯ ಆದದ್ದಕ್ಕೆ. ಕಾಡಿನ ಸೀತಾಳೆ ದಂಡೆಗೆ ಆ ಬಾಟಲಿ ಇಲ್ಲ, ಅದಕ್ಕೆ ಹಳೇ ತೊಗಟೆ ಬೇಕು, ಶಿಲೀಂಧ್ರ ಬೇಕು, ಹೂವಿಗೆ ಬರೋ ಹುಳ ಬೇಕು. ತೊಗಟೆ ಸಮೇತ ಕಟ್ಟಿ ಅಂತ ಮೇಲೆ ಹೇಳಿದ್ದು ಇದಕ್ಕೂ ಒಳ್ಳೇದು.
ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ, ಕುಂಡದ ಹವ್ಯಾಸ ಹೈಬ್ರಿಡ್ ಜೊತೆ ಇಟ್ಕೊಳ್ಳಿ, ಕಾಡಿನ ಗಿಡ ಮರದ ಮೇಲೇ ಇರ್ಲಿ. ನಿಮ್ಮ ಅಂಗಳದ ಮರದಿಂದ ತಾನಾಗಿ ಬಿದ್ದದ್ದನ್ನ ನಿಮ್ಮದೇ ಮರಕ್ಕೆ ವಾಪಸ್ ಕಟ್ಟೋದು ಬೇರೆ, ಅರಣ್ಯದಿಂದ ಕಿತ್ತು ತರೋದು ಅಪರಾಧ. ಆರ್ಕಿಡ್ ಜಾತಿ ಪೂರ್ತಿ ಸೈಟಿಸ್ ಅನ್ನೋ, ಕಾಡಿನ ಗಿಡ ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ದೇಶದಿಂದ ದೇಶಕ್ಕೆ ಸಾಗಿಸಕ್ಕೂ ಪರವಾನಗಿ ಬೇಕು. ಯಾರಾದ್ರೂ ಕಾಡಿನ ಗಿಡ ತಂದು ಮಾರಿದ್ರೆ, ಪಾಪ ಒಂದು ತಗೊಂಡು ಬದುಕಿಸೋಣ ಅಂತನೂ ತಗೋಬೇಡಿ, ಅವ್ರು ನಾಳೆ ಇನ್ನೂ ಹತ್ತು ಕೀಳ್ತಾರೆ.

ಯಲ್ಲಾಪುರ_ಹೊಳೆಬದಿ:
ತಂಗಿ, ಎಲ್ಲ ಸರಿ ಹೇಳಿದ್ದಾರೆ, ನಾನು ಹೂವಿನ ಬಗ್ಗೆ ಮಾತ್ರ ಹೇಳ್ತೆ. ನಾವು ಸಣ್ಣವ್ರಿದ್ದಾಗ ಮಳೆ ಹಿಡಿಯೋ ಹೊತ್ತಿಗೆ ಶಾಲೆ ಶುರು, ಆಗಲೇ ಸೀತಾಳೆ ದಂಡೆ ಕಾಲ, ಒಂದು ಗೊಂಚಲು ಇದ್ರೆ ದಂಡೆ ಕಟ್ಟೋದೇ ಬೇಡ, ಹಾಗೇ ಜಡೆಗೆ ಸುತ್ತಿದ್ರೆ ಆಯ್ತು. ನೀನು ಮುಂದಿನ ವರ್ಷ ಮುಡೀಬೇಕು ಅಂದ್ರೆ ಕತ್ತರಿಯಿಂದ ಗೊಂಚಲು ಕೊಯ್ಯಿ, ಗಿಡಕ್ಕೇನೂ ಆಗೋದಿಲ್ಲ. ಎಳೆದ್ರೆ ಗಿಡನೇ ಬೇರು ಸಮೇತ ಕೈಗೆ ಬರ್ತದೆ, ಗಂಡು ಮಕ್ಕಳು ದೋಟಿ ಹಾಕಿ ಎಳೆದು ಎಷ್ಟು ಗಿಡ ಹಾಳಾಗಿದೆ ಅಂದ್ರೆ ಈಗಲೂ ಬೇಜಾರಾಗ್ತದೆ. ಒಂದೆರಡು ಗೊಂಚಲು ಮರದಲ್ಲೇ ಬಿಡು, ಕಾಯಾಗ್ಲಿ.
ಮತ್ತೆ ನಮ್ಮಲ್ಲಿ ವೆನಿಲ್ಲಾ ಬೆಳೀತಿದ್ದಾಗ ದಿನಾ ಬೆಳಿಗ್ಗೆ ಕಡ್ಡಿ ಹಿಡ್ಕೊಂಡು ಹೂವಿಗೆ ಪರಾಗ ಮುಟ್ಟಿಸಕ್ಕೆ ಹೋಗ್ತಿದ್ದೆ, ಅದೂ ಆರ್ಕಿಡ್ಡೇ ಅಲ್ದಾ. ಒಂದು ಹೂ ಅರಳೋದು ಒಂದೇ ಬೆಳಿಗ್ಗೆ, ಆ ಹೊತ್ತು ತಪ್ಪಿದ್ರೆ ಆ ಕಾಯಿ ಹೋಯ್ತು. ಪರಾಗಕ್ಕೂ ಅದು ಹೋಗಿ ಅಂಟ್ಬೇಕಾದ ಶಲಾಕಾಗ್ರಕ್ಕೂ ನಡುವೆ ಇರೋ ಆ ಸಣ್ಣ ಪರದೆ ಕಡ್ಡಿಯಿಂದ ಎತ್ತಿ ಬೆರಳಲ್ಲಿ ಒತ್ಬೇಕು. ಆರ್ಕಿಡ್ ಹೂವಿನ ರಚನೆ ನಾನು ಕಲ್ತದ್ದು ಅದ್ರಿಂದ್ಲೇ. ಬೆಲೆ ಬಿದ್ದ ಮೇಲೆ ಬಳ್ಳಿ ಎಲ್ಲ ಕಿತ್ತಾಯ್ತು, ಎರಡು ಬಳ್ಳಿ ಮಾತ್ರ ನಾನು ಕೀಳಕ್ಕೆ ಬಿಡ್ಲಿಲ್ಲ.

ಗಿಡಗಂಟಿ_ಕುಮಟಾ:
ಅಕ್ಕಾ, ನೀವು ಮಾಡ್ತಿದ್ದ ಆ ಕಡ್ಡಿ ವಿಧಾನ 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನೋ 12 ವರ್ಷದ ಗುಲಾಮ ಹುಡುಗ ತೋರಿಸಿದ್ದು. ಜಗತ್ತಿನಲ್ಲಿ ಈಗಲೂ ವೆನಿಲ್ಲಾ ತೋಟದವ್ರು ಮಾಡೋದು ಅದನ್ನೇ.

ಅಂಕೋಲಾ_ಅಂಗಳ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯವ್ರಿಗೆ ಬೇರು ತೋರಿಸ್ದೆ, ಒಪ್ಪಿದ್ರು. ಅಪ್ಪನೂ ಕೊಂಬೆ ತುಂಡು ಕೊಯ್ದು ಕೊಡ್ತೀನಿ ಅಂದ್ರು. ಈಗ ನಂಗೆ ಇದ್ರ ಬಗ್ಗೆ ಸರಿಯಾಗಿ ಕಲೀಬೇಕು ಅನ್ಸಿದೆ, ಗಿಡ ತಂದು ಇಟ್ಕೊಳ್ಳೋದಲ್ಲ, ನಮ್ಮ ಸುತ್ತ ಯಾವ್ಯಾವ್ದು ಇದೆ ಅಂತ ನೋಡೋದು. ಎಲ್ಲಿಂದ ಶುರು ಮಾಡ್ಲಿ?

ಗಿಡಗಂಟಿ_ಕುಮಟಾ:
ನಿಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋಗೋ ದಾರಿಯ ಹಳೇ ಮಾವು, ಹಲಸು, ತೆಂಗು ಇಷ್ಟನ್ನೇ ನೋಡಿ. ಒಂದು ನೋಟ್‌ಬುಕ್ ಇಡಿ, ಯಾವ ಮರ, ಎಷ್ಟು ಎತ್ತರ, ಯಾವ ತಾರೀಕಿಗೆ ಮೊಗ್ಗು, ಯಾವಾಗ ಅರಳಿತು, ಯಾವ ಹುಳ ಬಂತು. ಹಳೇ ಮರದ ಪೊಟರೆಯಲ್ಲಿ ದಪ್ಪ ಪಟ್ಟಿಯಂಥ ಎಲೆ ಕಂಡ್ರೆ ಅದು ಸಿಂಬಿಡಿಯಂ ಅಲೋಯ್‌ಫೋಲಿಯಂ ಇರ್ಬಹುದು, ಮಲಬಾರಿನ ಗಿಡಗಳ ಬಗ್ಗೆ 17ನೇ ಶತಮಾನದಲ್ಲಿ ಬಂದ ಹೋರ್ಟಸ್ ಮಲಬಾರಿಕಸ್ ಪುಸ್ತಕದಲ್ಲೇ ಅದ್ರ ಚಿತ್ರ ಇದೆ. ಹೂವೇ ಜೇನುಹುಳದ ಹಾಗೆ ಕಾಣೋ ಕಾಟೋನಿಯಾ ಆರ್ಕಿಡ್ ಕಂಡ್ರೆ ದಯವಿಟ್ಟು ಇಲ್ಲಿ ಫೋಟೋ ಹಾಕಿ. ಮರದ ಮೇಲೆ ಮಾತ್ರ ಅಲ್ಲ, ಮಳೆಗಾಲದಲ್ಲಿ ಹುಲ್ಲಿನ ಬ್ಯಾಣದಲ್ಲಿ ನೆಲದಲ್ಲೇ ಬೆಳೆಯೋ ಹ್ಯಾಬನೇರಿಯಾ ಆರ್ಕಿಡ್‌ಗಳು ಬರ್ತವೆ, ಬಿಳಿ ಹೂ, ಜನ ತುಳ್ಕೊಂಡೇ ಹೋಗ್ತಾರೆ.
ಹಳೇ ದಾಖಲೆ ಹುಡುಕುವಾಗ ಒಂದು ನೆನಪಿಡಿ, ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿ, 1956ಕ್ಕೆ ಮೈಸೂರು ರಾಜ್ಯಕ್ಕೆ ಬಂದದ್ದು, ಹಾಗಾಗಿ ಮುಂಬೈ ಕಡೆಯ ಸಸ್ಯ ಪುಸ್ತಕದಲ್ಲಿ ನಾರ್ತ್ ಕೆನರಾ ಅಂತ ನೋಡ್ಬೇಕು. ಚಿಟ್ಟೆ ಮೇಲೆ ಕೆಲಸ ಮಾಡಿದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ನಿವೃತ್ತಿ ಆದ್ಮೇಲೆ ಕಾರವಾರದಲ್ಲೇ ಉಳಿದವ್ರು, ಸೆಡ್ಜ್‌ವಿಕ್ ಅನ್ನೋ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಜೊತೆ ಸೇರಿ ಈ ಜಿಲ್ಲೆಯಲ್ಲಿ ಗಿಡಗಳನ್ನೂ ಸಂಗ್ರಹ ಮಾಡಿದ್ರು. ಫೋಟೋಗಳನ್ನ ಐನ್ಯಾಚುರಲಿಸ್ಟ್ ಅನ್ನೋ ವೆಬ್‌ಸೈಟಿಗೆ ಹಾಕಿ, ಗುರುತಿಸೋರು ಅಲ್ಲಿ ಸಿಗ್ತಾರೆ, ಆದ್ರೆ ಜಾಗ ಮಸುಕು ಮಾಡೋ ಆಯ್ಕೆ ಇದೆ, ಅದನ್ನ ತಪ್ಪದೆ ಒತ್ತಿ. ಕೀಳೋರೂ ಅದನ್ನೇ ನೋಡ್ತಾರೆ.

ಸೊಪ್ಪಿನಬೆಟ್ಟ_ಶಿರಸಿ:
ಕಟ್ಟಿದ ಮೇಲೆ ಗಿಡ ಅಲ್ಲಾಡ್ತದಾ ಅಂತ ಕೈಯಲ್ಲಿ ಮುಟ್ಟಿ ನೋಡಿ, ಅಲ್ಲಾಡಿದ್ರೆ ಹೊಸ ಬೇರಿನ ತುದಿ ತೊಗಟೆಗೆ ತಿಕ್ಕಿ ಸಾಯ್ತದೆ, ಇನ್ನೊಂದು ಸುತ್ತು ಬಿಗೀರಿ. ಮಾವಿನ ಮರದಲ್ಲಿ ಕೆಂಪಿರುವೆ ಗೂಡು ಇದ್ಯಾ ನೋಡ್ಕೊಂಡು ಏಣಿ ಇಡಿ.