ಸಹಾಯ ಬೇಕು: ಸಿ ಭಾಷೆಯಲ್ಲಿ ಕಾಯ್ದಿರಿಸಿದ ಹೆಸರುಗಳು

ಬಲ್ಲವರಲ್ಲಿ ಒಂದು ವಿನಂತಿ. ಶಿರಸಿಯಲ್ಲಿ ಅಡಿಕೆ ವಹಿವಾಟಿನ ತೂಕ ಮತ್ತು ಲೆಕ್ಕಕ್ಕಾಗಿ ಸಿ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶವೊಂದರ ನಿರ್ವಹಣೆ ಈಗ ನನ್ನ ಪಾಲಿಗೆ ಬಂದಿದೆ.

ಒಂದೇ ಹೆಡರ್ ಕಡತ ಎರಡು ಸಲ ಸೇರದಂತೆ ತಡೆಯುವ ಅದರ ಹೆಡರ್ ಗಾರ್ಡ್‌ಗಳೆಲ್ಲ ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಶುರುವಾಗುತ್ತವೆ. ಇಂಥ ಹೆಸರುಗಳು ಎಲ್ಲ ಬಳಕೆಗೂ ಕಂಪೈಲರ್ ಮತ್ತು ಲೈಬ್ರರಿಗೇ ಮೀಸಲಾಗಿರುವುದರಿಂದ ಅವನ್ನು ಬದಲಿಸುವ ಬಗ್ಗೆ ಗೊಂದಲವಿಲ್ಲ. ತೊಡಕಿರುವುದು ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಮೊತ್ತ ಕೂಡಿಸುವ ‘ಟೋಟಲ್’ (total) ಎಂಬ ಫಂಕ್ಷನ್‌ನಲ್ಲಿ. ‘ಟಿ, ಓ’ ಅಕ್ಷರಗಳಿಂದ ಶುರುವಾಗಿ ನಂತರ ಸಣ್ಣಕ್ಷರ ಬರುವ ಫಂಕ್ಷನ್ ಹೆಸರುಗಳನ್ನು, ಅಕ್ಷರಗಳನ್ನು ಪರೀಕ್ಷಿಸುವ ಮತ್ತು ಬದಲಿಸುವ ಫಂಕ್ಷನ್‌ಗಳಿರುವ ಸಿಟೈಪ್ ಹೆಡರ್‌ನ ಮುಂದಿನ ವಿಸ್ತರಣೆಗೆಂದು ಸಿ11 (ಸಿ ಭಾಷೆಯ 2011ರ) ಮಾನಕ ಕಾಯ್ದಿರಿಸಿದ್ದು, ಎಕ್ಸ್‌ಟರ್ನಲ್ ಲಿಂಕೇಜ್ ಇರುವ, ಅಂದರೆ ಬೇರೆ ಕಡತಗಳಿಂದಲೂ ಬಳಸಬಹುದಾದ ಹೆಸರಿಗೆ ಆ ಹೆಡರ್ ಸೇರಿಸದಿದ್ದರೂ ನಿಯಮ ಅನ್ವಯಿಸುತ್ತದೆ. ಇಷ್ಟು ಸಾಮಾನ್ಯ ಪದವನ್ನೂ ತಡೆಯುವ ಈ ನಿಯಮ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಈಚಿನ ಸಿ23 ಮಾನಕದಲ್ಲಿ ಇವು ‘ಸಂಭಾವ್ಯ ಮೀಸಲು’ ಹೆಸರುಗಳಾಗಿದ್ದು, ಕಂಪೈಲರ್ ಅಥವಾ ಲೈಬ್ರರಿ ನಿಜವಾಗಿ ಆ ಹೆಸರನ್ನು ಒದಗಿಸಿದಾಗ ಮಾತ್ರ ಮೀಸಲಾಗುತ್ತವೆ.

ನಮ್ಮಲ್ಲಿ ಹಳೆಯ ಕಂಪೈಲರ್‌ಗಳೂ ಬಳಕೆಯಲ್ಲಿರುವುದರಿಂದ ಸಿ11ಕ್ಕೂ ಒಪ್ಪುವಂತೆ ತಿದ್ದಬೇಕಾಗಿದೆ. ಎಲ್ಲ ಫಂಕ್ಷನ್‌ಗಳಿಗೂ ‘ಅಡಿಕೆ’ ಎಂಬ ಮುನ್ನೊಟ್ಟು (ಪ್ರಿಫಿಕ್ಸ್) ಸೇರಿಸುವುದು ಸರಿಯೇ, ಅಥವಾ ಒಂದೇ ಕಡತದೊಳಗೆ ಬಳಕೆಯಾಗುವವನ್ನು ಸ್ಟ್ಯಾಟಿಕ್ (ಆ ಕಡತಕ್ಕಷ್ಟೇ ಸೀಮಿತ) ಮಾಡಿ, ಅಲ್ಲಿ ಸಿಟೈಪ್ ಹೆಡರ್ ಸೇರದಂತೆ ನೋಡಿಕೊಂಡರೆ ಸಾಕೇ? ಕ್ಲ್ಯಾಂಗ್ ಕಂಪೈಲರ್‌ನ ಎಚ್ಚರಿಕೆ ಅಂಡರ್‌ಸ್ಕೋರ್ ಹೆಸರುಗಳನ್ನು ಹಿಡಿದುಕೊಟ್ಟಿತು, ‘ಟೋಟಲ್’ ಅನ್ನು ಹಿಡಿಯಲಿಲ್ಲ. ಇಂಥವನ್ನು ಹುಡುಕುವ ಸಾಧನ ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.